ಗೋಡೆ, ಬಾಗಿಲು ಮತ್ತು ಮಧ್ಯವರ್ತಿ



ಕಳ್ಳರು ಬಾರದಿರಲೆಂದು ಮನೆಯ ಬಾಗಿಲಿಗೆ ಅಗುಳಿ ಹಾಕುತ್ತೇವೆ. ಆದರೆ ಕಳ್ಳ ಯಾರು, ನೆಂಟ ಯಾರು ಎಂಬುದು ಅಗುಳಿಗೆ ತಿಳಿಯದು. ಗಣಕಜಾಲದ ಚರಿತ್ರೆಯಲ್ಲಿಯೂ ಇಂಥದೇ ಪೇಚು ಎದುರಾಯಿತು. ಅದನ್ನು ಬಿಡಿಸಿಕೊಂಡ ಬಗೆಯನ್ನು ಇಲ್ಲಿ ನೋಡೋಣ.

ಮೊದಲು ಗೋಡೆಯೇ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿದ್ದುದು ಕೆಲವೇ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾಲಯಗಳು. ಅಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಕಡತ ಸಾಗಿಸುವ ನಿಯಮಾವಳಿಯ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರ ಐ.ಐ.ಟಿ.ಯ ಮೊದಲ ತಂಡದ ಪದವೀಧರರಾದ ಅವರು ಆಗ ಎಂ.ಐ.ಟಿ.ಯಲ್ಲಿದ್ದರು. ಈ ನಿಯಮಾವಳಿಯೇ ಎಫ್.ಟಿ.ಪಿ.

ಬಳಕೆಗೆ ಬಂದ ಎಫ್.ಟಿ.ಪಿ.ಯಲ್ಲಿ ಎರಡು ಸಂಪರ್ಕಗಳಿದ್ದವು. ಮೊದಲನೆಯದರಲ್ಲಿ ನೀವು ದೂರದ ಗಣಕವನ್ನು ಕರೆದು ಕಡತ ಬೇಕೆಂದು ಕೇಳುತ್ತೀರಿ. ಕಡತ ಕಳಿಸಲು ಆ ಗಣಕವೇ ನಿಮ್ಮನ್ನು ಮರಳಿ ಕರೆಯುತ್ತದೆ. ಎಲ್ಲರೂ ಪರಿಚಿತರಾಗಿದ್ದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ.

1988ರ ನವೆಂಬರ್ 2ರಂದು ಆ ನಂಬಿಕೆಗೆ ಪೆಟ್ಟು ಬಿತ್ತು. ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ 'ಹುಳು' ಎಂಬ ಕ್ರಮವಿಧಿ ತಾನಾಗಿ ಹರಡುತ್ತಾ ಹೋಯಿತು. ಒಂದು ಅಂದಾಜಿನಂತೆ ಸುಮಾರು 6,000 ಗಣಕಗಳು ಅದರ ಹಾವಳಿಗೆ ಸಿಕ್ಕವು. ಮುಂದಿನ ವರ್ಷಗಳಲ್ಲಿ ಸಂಸ್ಥೆಗಳು ತಮ್ಮ ಜಾಲದ ಸುತ್ತ 'ಫೈರ್‌ವಾಲ್' ಕಟ್ಟತೊಡಗಿದವು. ಒಂದು ಕಡೆ ಹತ್ತಿದ ಬೆಂಕಿ ಪಕ್ಕಕ್ಕೆ ಹರಡದಂತೆ ಕಟ್ಟಡಗಳಲ್ಲಿ ಕಟ್ಟುವ ಗೋಡೆಯ ಹೆಸರು ಅದು. ಒಳಗಿನವರು ಹೊರಗೆ ಕರೆಯಬಹುದು. ಹೊರಗಿನವರ ಕರೆ ಒಳಬರಬಾರದು. ಇದು ಅದರ ಸಾಮಾನ್ಯ ಕಟ್ಟಳೆ.

ಆಗಲೇ ಪೇಚು ಶುರುವಾಯಿತು. ಒಳಗಿನ ಸಂಶೋಧಕ ಕಡತ ಕೇಳುತ್ತಾನೆ, ದೂರದ ಗಣಕ ಮರಳಿ ಕರೆಯುತ್ತದೆ, ಕಾವಲು ಅದನ್ನು ತಡೆಯುತ್ತದೆ. ಕೇಳಿ ತರಿಸಿದ ಕಡತವೂ ಬಾಗಿಲಲ್ಲೇ ಉಳಿಯುತ್ತದೆ!

ಇದಕ್ಕೆ ದೊರೆತ ಪರಿಹಾರವೇ ಪ್ರಾಕ್ಸಿ ಸರ್ವರ್. ಪ್ರಾಕ್ಸಿ ಎಂದರೆ ಒಬ್ಬರ ಪರವಾಗಿ ನಿಲ್ಲುವವರು. ಗೋಡೆಯ ಅಂಚಿನಲ್ಲಿರುವ ಈ ಗಣಕ ಒಳಗಿನವರ ಕೋರಿಕೆ ಪಡೆದು, ಹೊರಗಿನಿಂದ ತಾನೇ ಕಡತ ತರಿಸಿ, ಕೇಳಿದವರಿಗೆ ಒಪ್ಪಿಸುತ್ತದೆ. 1992ರಲ್ಲಿ ಡೇವಿಡ್ ಮತ್ತು ಮಿಶೆಲ್ ಕೋಬ್ಲಸ್ ಪ್ರಕಟಿಸಿದ 'ಸಾಕ್ಸ್' ವ್ಯವಸ್ಥೆಯು ಒಳಗಿನ ಗಣಕದ ಪರವಾಗಿ ಆ ಮರಳಿ ಬರುವ ಕರೆಯನ್ನೂ ಸ್ವೀಕರಿಸಬಲ್ಲದು. 1994ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಪ್ರಾಕ್ಸಿ ಇನ್ನೊಂದು ಅನುಕೂಲ ಒದಗಿಸಿತು: ಒಮ್ಮೆ ತಂದ ಕಡತದ ಪ್ರತಿಯನ್ನು ಇಟ್ಟುಕೊಂಡು, ಮತ್ತೆ ಕೇಳಿದವರಿಗೆ ಅದನ್ನೇ ಕೊಡುವುದು. ಅದೇ ವರ್ಷ ಸ್ಟೀವನ್ ಬೆಲ್ಲೊವಿನ್ ಬೇರೊಂದು ದಾರಿ ಸೂಚಿಸಿದರು. ನಿಯಮಾವಳಿಯಲ್ಲಿ ಮೊದಲೇ ಇದ್ದ ಒಂದು ಆದೇಶವನ್ನು ಬಳಸಿ, ಎರಡೂ ಸಂಪರ್ಕಗಳನ್ನು ಒಳಗಿನವರೇ ಆರಂಭಿಸಲಿ ಎಂದರು.

ಇಷ್ಟಾದರೂ ಒಂದು ತೊಡಕು ಉಳಿಯಿತು. 1999ರಲ್ಲಿ ನ್ಯಾಪ್‌ಸ್ಟರ್ ಬಂದಾಗ ಸಾಮಾನ್ಯ ಬಳಕೆದಾರರೇ ತಮ್ಮ ಗಣಕಗಳಿಂದ ಹಾಡಿನ ಕಡತಗಳನ್ನು ನೇರವಾಗಿ ಹಂಚಿಕೊಳ್ಳತೊಡಗಿದರು. ಒಬ್ಬರು ಗೋಡೆಯ ಹಿಂದಿದ್ದರೆ ಅವರೇ ಹೊರಗೆ ಕರೆದು ಕಡತ ಕಳಿಸಬಹುದಿತ್ತು. ಇಬ್ಬರೂ ಗೋಡೆಗಳ ಹಿಂದಿದ್ದರೆ? ಕರೆಯಲು ಇಬ್ಬರೂ ಸಿದ್ಧ, ಕರೆ ಸ್ವೀಕರಿಸಲು ಒಬ್ಬರೂ ಇಲ್ಲ. ಇಬ್ಬರೂ ತಲುಪಬಲ್ಲ ಮೂರನೆಯ ಗಣಕವೊಂದು ನಡುವೆ ನಿಂತು ಕಡತ ದಾಟಿಸುವುದು ಇದಕ್ಕೆ ಖಚಿತವಾದ ಉಪಾಯ.

ಮಧ್ಯವರ್ತಿಯಿಲ್ಲದ ಹಂಚಿಕೆಗೆ ಹೊರಟವರು ಹೀಗೆ ಮತ್ತೆ ಮಧ್ಯವರ್ತಿಯ ಬಳಿಗೇ ಬಂದರು. ಆದರೆ ಅವನು ಪ್ರಾಮಾಣಿಕನೇ? ಹಳೆಯ ಎಫ್.ಟಿ.ಪಿ.ಯಲ್ಲಿ ಗುಪ್ತಪದವೂ ಕಡತವೂ ಯಾವ ಮರೆಯೂ ಇಲ್ಲದೆ ಸಾಗುತ್ತವೆ. ನಡುವೆ ನಿಂತವನು ಎರಡನ್ನೂ ಓದಬಲ್ಲ. ಕಡತವನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸಿದರೆ, ಅವನು ಅದನ್ನು ಹೊತ್ತೊಯ್ಯಬಲ್ಲ, ಬಿಚ್ಚಿ ಓದಲಾರ.

ಯಾರೋ ಉಚಿತವಾಗಿ ಒದಗಿಸುವ ಪ್ರಾಕ್ಸಿಯನ್ನು ಬಳಸುವ ಮುನ್ನ ಈ ಚರಿತ್ರೆಯನ್ನು ನೆನೆಯಿರಿ. ಗೋಡೆ ದಾಟಿಸುವವನ ಕೈಗೆ ಗಂಟನ್ನು ಕೊಡಬಹುದು; ಅದರ ಬೀಗದ ಕೈ ಮಾತ್ರ ನಿಮ್ಮ ಬಳಿಯೇ ಇರಲಿ.