ಅಲಿಖಿತ ಸಂವಿಧಾನದಲ್ಲಿ ಮಂತ್ರಿಗಳ ಉತ್ತರದಾಯಿತ್ವ: ಬ್ರಿಟನ್ನಿನ ಪರಿ

ಬ್ರಿಟನ್ನಿಗೆ ನಮ್ಮಂತೆ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ. ಶಾಸನಗಳು, ನ್ಯಾಯಾಲಯದ ತೀರ್ಪುಗಳು, ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯಗಳು ಇವೇ ಅಲ್ಲಿನ ಸಂವಿಧಾನ. ಮಂತ್ರಿ ಸಂಸತ್ತಿಗೆ ಉತ್ತರ ಹೇಳಬೇಕೆಂಬುದೂ ಮೂಲತಃ ಸಂಪ್ರದಾಯವೇ. ಅದನ್ನು ಮುರಿದ ಮಾತ್ರಕ್ಕೆ ಯಾವ ಕೋರ್ಟೂ ಮಂತ್ರಿಯನ್ನು ಮನೆಗೆ ಕಳಿಸುವುದಿಲ್ಲ.

ಸಾಮೂಹಿಕ ಹೊಣೆ

ಸಂಪುಟದ ತೀರ್ಮಾನವನ್ನು ಒಪ್ಪದ ಮಂತ್ರಿ ರಾಜೀನಾಮೆ ಕೊಡಬೇಕು. ಹೌಸ್ ಆಫ್ ಕಾಮನ್ಸ್‌ನ ವಿಶ್ವಾಸ ಕಳೆದುಕೊಂಡ ಸರ್ಕಾರ ಅಧಿಕಾರ ಬಿಡಬೇಕು, ಇಲ್ಲವೇ ಚುನಾವಣೆಗೆ ಹೋಗಬೇಕು. 1979ರ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಸರ್ಕಾರ ಅವಿಶ್ವಾಸ ನಿರ್ಣಯದಲ್ಲಿ 311–310ರಿಂದ, ಒಂದೇ ಒಂದು ಮತದಿಂದ ಸೋತು ಚುನಾವಣೆಗೆ ಹೋಯಿತು.

ಇಲಾಖೆಯ ತಪ್ಪಿಗೆ ಮಂತ್ರಿಯ ತಲೆದಂಡ

ಡಾರ್ಸೆಟ್ ಜಿಲ್ಲೆಯ ಕ್ರಿಚೆಲ್ ಡೌನ್‌ನಲ್ಲಿ 725 ಎಕರೆ ಜಮೀನನ್ನು 1938ರಲ್ಲಿ ಬಾಂಬ್ ಅಭ್ಯಾಸಕ್ಕೆಂದು ಸರ್ಕಾರ ಕೊಂಡಿತ್ತು. ಯುದ್ಧ ಮುಗಿದ ಮೇಲೆ ಅದು ಕೃಷಿ ಇಲಾಖೆಯ ಪಾಲಾಯಿತು. ಹಿಂದಿನ ಮಾಲೀಕರ ಕುಟುಂಬ ಮರಳಿ ಕೇಳಿದಾಗ ಅಧಿಕಾರಿಗಳು ಸೊಪ್ಪು ಹಾಕಲಿಲ್ಲ. ತನಿಖೆ ನಡೆದು ಅಧಿಕಾರಿಗಳ ನಡತೆ ಬಯಲಾಯಿತು. 1954ರ ಜುಲೈಯಲ್ಲಿ ಕೃಷಿ ಮಂತ್ರಿ ಥಾಮಸ್ ಡಗ್‌ಡೇಲ್ ಹೊಣೆ ಹೊತ್ತು ಸದನದಲ್ಲೇ ರಾಜೀನಾಮೆ ಘೋಷಿಸಿದರು. ತನಗೆ ತಿಳಿಯದೆ ಅಧಿಕಾರಿ ಮಾಡಿದ ತಪ್ಪನ್ನು ಮಂತ್ರಿ ಸಮರ್ಥಿಸಬೇಕಿಲ್ಲ, ಆದರೆ ಸದನಕ್ಕೆ ವಿವರಣೆ ಕೊಡಲೇಬೇಕು ಎಂದು ಆಗಿನ ಗೃಹಮಂತ್ರಿ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್ ಗೆರೆ ಎಳೆದರು. ಈ ಗೆರೆ ಇಂದಿಗೂ ಎಷ್ಟೋ ಮಂತ್ರಿಗಳಿಗೆ ರಕ್ಷಣೆಯಾಗಿದೆ.

ಸದನಕ್ಕೆ ಸುಳ್ಳು ಹೇಳಿದವರಿಗೆ ಮಾತ್ರ ಈ ರಕ್ಷಣೆ ಸಿಗದು. 1963ರಲ್ಲಿ ಯುದ್ಧ ಖಾತೆಯ ಮಂತ್ರಿ ಜಾನ್ ಪ್ರೊಫ್ಯೂಮೊ ಸ್ಥಾನ ಕಳೆದುಕೊಂಡದ್ದು ಇದಕ್ಕೇ.

ಕೋರ್ಟಿನ ಕೈ

ಆಶ್ರಯ ಕೋರಿ ಬಂದವನೊಬ್ಬನನ್ನು ವಾಪಸು ಕರೆತರಬೇಕೆಂಬ ನ್ಯಾಯಾಲಯದ ಆದೇಶವನ್ನು ಗೃಹಮಂತ್ರಿ ಕೆನೆತ್ ಬೇಕರ್ ಪಾಲಿಸಲಿಲ್ಲ. 1993ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರು ಅದನ್ನು ನ್ಯಾಯಾಂಗ ನಿಂದನೆ ಎಂದರು. ಸಂಪ್ರದಾಯ ಮುರಿದರೆ ಸುಮ್ಮನಿರುವ ಕೋರ್ಟು ಕಾನೂನು ಮುರಿದರೆ ಸುಮ್ಮನಿರುವುದಿಲ್ಲ.

ನೀತಿ ಸಂಹಿತೆ ಮತ್ತು ಅದರ ದೌರ್ಬಲ್ಯ

ಮಂತ್ರಿಗಳ ನಡತೆಗೆ ಬರೆದಿಟ್ಟ ಸಂಹಿತೆಯೊಂದು 1992ರಿಂದ ಪ್ರಕಟವಾಗುತ್ತಿದೆ. ಆದರೆ ಅದರ ಕೊನೆಯ ತೀರ್ಪುಗಾರ ಪ್ರಧಾನಿ. 2020ರಲ್ಲಿ ಗೃಹ ಸಚಿವೆ ಪ್ರೀತಿ ಪಟೇಲ್ ಸಂಹಿತೆ ಉಲ್ಲಂಘಿಸಿದ್ದಾರೆಂದು ಸಂಹಿತೆಯ ವಿಚಾರದಲ್ಲಿ ಪ್ರಧಾನಿಗೆ ಸಲಹೆಗಾರರಾಗಿದ್ದ ಅಲೆಕ್ಸ್ ಅಲನ್ ವರದಿ ಕೊಟ್ಟರು. ಪ್ರಧಾನಿ ಬೋರಿಸ್ ಜಾನ್ಸನ್ ಅದನ್ನು ಒಪ್ಪಲಿಲ್ಲ. ಪಟೇಲ್ ಉಳಿದರು, ಅಲನ್ ರಾಜೀನಾಮೆ ಕೊಟ್ಟರು.

ಬರೆದಿಟ್ಟ ನಿಯಮವೊಂದೇ ಸಾಲದು ಎಂಬುದಕ್ಕೆ ಭಾರತವೂ ಸಾಕ್ಷಿ: ಸಂಪುಟ ಲೋಕಸಭೆಗೆ ಹೊಣೆ ಎಂದು ನಮ್ಮ ಸಂವಿಧಾನದ 75(3)ನೇ ವಿಧಿ ಬರೆದೇ ಇಟ್ಟಿದೆ. ಆದರೂ 1956ರ ಅರಿಯಲೂರು ರೈಲು ದುರಂತದ ಬಳಿಕ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟದ್ದು ಯಾವ ವಿಧಿಯ ಒತ್ತಾಯದಿಂದಲೂ ಅಲ್ಲ.

ಬ್ರಿಟನ್ನಿನಲ್ಲಿ 2024ರ ನವೆಂಬರಿನ ಪರಿಷ್ಕೃತ ಸಂಹಿತೆಯ ಪ್ರಕಾರ ಸಲಹೆಗಾರರು ಪ್ರಧಾನಿಯ ಅನುಮತಿ ಇಲ್ಲದೆಯೇ ತನಿಖೆ ಆರಂಭಿಸಬಹುದು. ಇದು ತಡವಾಗಿ ಬಂದ ಒಳ್ಳೆಯ ಸುಧಾರಣೆ. ಮಂತ್ರಿಯನ್ನು ಉಳಿಸುವ, ಕಳಿಸುವ ಅಧಿಕಾರ ಮಾತ್ರ ಇನ್ನೂ ಪ್ರಧಾನಿಯ ಕೈಯಲ್ಲೇ ಇದೆ.