ಎಚ್‌ಎಂಎಸ್ ಸೆರಿಂಗಪಟಂ
ಎಚ್‌ಎಂಎಸ್ ಸೆರಿಂಗಪಟಂ ಬ್ರಿಟಿಷ್ ನೌಕಾಪಡೆಗೆ ಸೇರಿದ್ದ, 46 ಫಿರಂಗಿಗಳ ಹಾಯಿ ಯುದ್ಧನೌಕೆ. 1799ರಲ್ಲಿ ಟಿಪ್ಪು ಸುಲ್ತಾನನ ಮರಣದೊಂದಿಗೆ ಬ್ರಿಟಿಷರ ವಶವಾದ ಶ್ರೀರಂಗಪಟ್ಟಣದ ಹೆಸರನ್ನು ಇಂಗ್ಲಿಷ್ ಉಚ್ಚಾರಣೆಯಲ್ಲಿ ಇದಕ್ಕಿಡಲಾಯಿತು. ಸೆರೆಸಿಕ್ಕ ಫ್ರೆಂಚ್ ನೌಕೆಯೊಂದರ ವಿನ್ಯಾಸವನ್ನು ಅನುಸರಿಸಿ ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ನಿರ್ಮಿಸಿ, 1819ರಲ್ಲಿ ನೀರಿಗಿಳಿಸಲಾಯಿತು. 1825ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕಡಲ್ಗಳ್ಳರ ವಿರುದ್ಧ ಹೋರಾಡಿದ ಈ ನೌಕೆ, 1830ರಲ್ಲಿ ಕ್ಯಾಪ್ಟನ್ ವಿಲಿಯಂ ವಾಲ್ಡ್‌ಗ್ರೇವ್ ನೇತೃತ್ವದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಭೇಟಿ ನೀಡಿತು. ಕೊನೆಯ ವರ್ಷಗಳಲ್ಲಿ ಗುಡ್ ಹೋಪ್ ಭೂಶಿರದಲ್ಲಿ ಕಲ್ಲಿದ್ದಲು ದಾಸ್ತಾನಿಗೆ ಬಳಕೆಯಾಗಿ, 1873ರಲ್ಲಿ ಕಳಚಲ್ಪಟ್ಟಿತು.

ಉಳಿದಿರುವುದು ಹಡಗಿನ ಮುಂಭಾಗದ ಮರದ ಶಿಲ್ಪ. ದೈತ್ಯ ಹಕ್ಕಿಯೇರಿ ಛತ್ರಿ ಹಿಡಿದಿರುವ ಈ ಮೂರ್ತಿಯನ್ನು ಟಿಪ್ಪು ಎಂದೇ ಗುರುತಿಸಲಾಗಿದೆ. ಗೆದ್ದವರ ಹಡಗಿನ ಮುಂದೆ ಸೋತ ಅರಸನೇ ನಿಂತಿದ್ದನು. ಇದು ಲಂಡನ್‌ನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.