ಗುರುಭವನದ ಮತಪೆಟ್ಟಿಗೆ: ಚನ್ನಗಿರಿ ಸೀಮೆಯ ಶಿಕ್ಷಕರು ಮತ್ತು ಅವರ ಸಂಘದ ಚುನಾವಣೆ

ಐದು ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದ ಚುನಾವಣೆಯು ವಿಧಾನಸಭಾ ಚುನಾವಣೆಯನ್ನು ನೆನಪಿಸುವಷ್ಟು ಬಿರುಸು ಪಡೆಯುವುದೇಕೆ ಎಂಬ ಪ್ರಶ್ನೆಗೆ ಉತ್ತರವು ಸಂಘದ ಬೈಲಾದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಆ ವೃತ್ತಿಯ ಇತಿಹಾಸದಲ್ಲಿ ಸಿಗುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರು ಮತ್ತು ಅದೇ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಈ ಇತಿಹಾಸವನ್ನು ಗುರುತಿಸಲು ತಕ್ಕ ನೆಲವಾಗಿವೆ. ಏಕೆಂದರೆ ಆಡಳಿತದ ಗಡಿಗಳು ಇಲ್ಲಿ ಹಲವು ಬಾರಿ ಬದಲಾಗಿವೆ, ಬದಲಾದಾಗಲೆಲ್ಲ ಶಿಕ್ಷಕರ ಸೇವೆ, ಸಂಬಳ ಮತ್ತು ಮತ ಯಾರ ಲೆಕ್ಕಕ್ಕೆ ಸೇರಬೇಕೆಂಬ ಪ್ರಶ್ನೆ ಹೊಸದಾಗಿ ಎದ್ದಿದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಈ ಸೀಮೆಯ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದವರು ಐಗಳು. ಅವರ ಶಾಲೆಗೆ ಕೂಲಿಮಠವೆಂದು ಹೆಸರು, ಅವರ ಪ್ರತಿಫಲ ಬಹುಮಟ್ಟಿಗೆ ದವಸಧಾನ್ಯದ ರೂಪದಲ್ಲಿ ಮಕ್ಕಳ ಮನೆಗಳಿಂದ ಬರುತ್ತಿತ್ತು. ಒಂದು ಊರಿಗೆ ಒಬ್ಬನೇ ಐಗಳು ಇರುತ್ತಿದ್ದ ಕಾಲದಲ್ಲಿ ಸಂಘ ಕಟ್ಟುವ ಮಾತೇ ಇರಲಿಲ್ಲ, ಕೇಳಬೇಕಾದ ಒಡೆಯನೂ ಒಬ್ಬನಿರಲಿಲ್ಲ. 1857ರಲ್ಲಿ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಆರಂಭವಾಗಿ, 1868ರಲ್ಲಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ (ಅಂದರೆ ಕೆಲವು ಗ್ರಾಮಗಳನ್ನು ಕೂಡಿಸಿದ ಕಂದಾಯ ಘಟಕವಾದ ಪ್ರತಿ ಹೋಬಳಿಗೂ ಸರ್ಕಾರದ ಶಾಲೆಯೊಂದನ್ನು ಕೊಡುವ ಏರ್ಪಾಡು) ಜಾರಿಗೆ ಬಂದ ಮೇಲೆ ಐಗಳು ಕ್ರಮೇಣ ಮೇಷ್ಟ್ರಾದರು. ದವಸದ ಬದಲು ತಿಂಗಳ ಸಂಬಳ, ಊರ ಗೌಡರ ಬದಲು ಇನ್‌ಸ್ಪೆಕ್ಟರು, ಮನೆಮನೆಯ ಮರ್ಜಿಯ ಬದಲು ಸೇವಾ ನಿಯಮ ಎದುರಿಗೆ ಬಂದವು. ಸಂಘಟನೆಯ ಬೀಜ ಬಿದ್ದದ್ದು ಇಲ್ಲಿಯೇ ಎನ್ನಬೇಕು: ಒಂದೇ ಖಜಾನೆಯಿಂದ ಸಂಬಳ ಪಡೆಯುವವರಿಗೆ ಮಾತ್ರ ಒಂದೇ ಬಗೆಯ ದೂರು ಇರಲು ಸಾಧ್ಯ.

ಆದರೆ ಖಜಾನೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯ ಮೂಲಕ, ಜಗಳೂರು ಚಿತ್ರದುರ್ಗ ಜಿಲ್ಲೆಯ ಮೂಲಕ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹೊನ್ನಾಳಿಯ ನೆರೆಯ ರಾಣೆಬೆನ್ನೂರು, ಹಿರೇಕೆರೂರು ಸೀಮೆ ಮುಂಬಯಿ ಪ್ರಾಂತ್ಯಕ್ಕೂ, ಜಗಳೂರಿನ ನೆರೆಯ ಹರಪನಹಳ್ಳಿ, ಕೂಡ್ಲಿಗಿ ಸೀಮೆ 1953ರವರೆಗೆ ಮದರಾಸಿಗೂ ಸೇರಿದ್ದವು. ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣವನ್ನು 1930ರ ದಶಕದಲ್ಲಿ ಕೆಲಕಾಲ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿ ಅನಂತರ ಸರ್ಕಾರವೇ ಹಿಂದಕ್ಕೆ ತೆಗೆದುಕೊಂಡಿತು. ಮುಂಬಯಿ ಕಡೆಯ ಶಿಕ್ಷಕರು ಸ್ಕೂಲ್ ಬೋರ್ಡಿನ ನೌಕರರಾಗಿದ್ದರು, ಮದರಾಸಿನ ಕಡೆ ಡಿಸ್ಟ್ರಿಕ್ಟ್ ಬೋರ್ಡಿನ ಶಾಲೆಗಳೇ ಹೆಚ್ಚು. ಹೀಗಾಗಿ ಒಂದೇ ಕನ್ನಡ ವರ್ಣಮಾಲೆಯನ್ನು ಕಲಿಸುತ್ತಿದ್ದ ನೆರೆಹೊರೆಯ ಶಿಕ್ಷಕರು ಮೂರು ಬಗೆಯ ಸೇವೆಯಲ್ಲಿದ್ದರು. 1956ರ ಏಕೀಕರಣದ ನಂತರ ಇವರೆಲ್ಲರನ್ನೂ ಒಂದೇ ಜ್ಯೇಷ್ಠತಾ ಪಟ್ಟಿಗೆ (ಸೇವೆಗೆ ಸೇರಿದ ದಿನಾಂಕದ ಅನುಕ್ರಮದಲ್ಲಿ ಬಡ್ತಿಯ ಹಕ್ಕನ್ನು ನಿಗದಿಪಡಿಸುವ ಪಟ್ಟಿಗೆ) ತರುವುದೇ ದೊಡ್ಡ ಕಸರತ್ತಾಯಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲೆಗಳ ಕಾನೂನನ್ನು ಒಂದುಗೂಡಿಸಿತು. ರಾಜ್ಯಕ್ಕೆಲ್ಲ ಒಂದೇ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ ಅರ್ಥವತ್ತಾದದ್ದು ಇಂಥ ಹಿನ್ನೆಲೆಯಲ್ಲಿ. 1954ರಲ್ಲಿ ಹುಟ್ಟಿದ ಅಖಿಲ ಭಾರತ ಪ್ರಾಥಮಿಕ ಶಿಕ್ಷಕರ ಫೆಡರೇಷನ್ ಈ ರಾಜ್ಯ ಸಂಘಕ್ಕೆ ದೇಶದ ಮಟ್ಟದ ಮೇಲ್ಛಾವಣಿಯಾಯಿತು.

ಈ ಸಂಘದ ಚುನಾವಣೆಗೆ ಇಷ್ಟು ತೂಕ ಬಂದದ್ದರ ಮುಖ್ಯ ಕಾರಣ ಸಂವಿಧಾನದಲ್ಲಿಯೇ ಇದೆ. 171ನೆಯ ವಿಧಿಯು ವಿಧಾನ ಪರಿಷತ್ತಿನ ಹನ್ನೆರಡನೆಯ ಒಂದು ಭಾಗದಷ್ಟು ಸದಸ್ಯರನ್ನು ಶಿಕ್ಷಕರು ಆರಿಸಬೇಕೆಂದು ಹೇಳಿ, ಆ ಮತದಾರರು ಪ್ರೌಢಶಾಲೆಗಿಂತ ಕೆಳಗಿಲ್ಲದ ಮಟ್ಟದ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಬೋಧಿಸಿದವರಾಗಿರಬೇಕೆಂದು ಗೆರೆ ಎಳೆಯಿತು. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ ಇಂಥ ಸ್ಥಾನಗಳು ಏಳು. ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಗೆಲ್ಲುತ್ತ ಬಂದು 2022ರಲ್ಲಿ ಎಂಟನೆಯ ಬಾರಿ ಆಯ್ಕೆಯಾದದ್ದು ಪ್ರೌಢಶಾಲಾ ಶಿಕ್ಷಕರಿಗೆ ತೆರೆದಿದ್ದ ಈ ಬಾಗಿಲು ಎಷ್ಟು ಅಗಲವಾಗಿತ್ತೆಂಬುದನ್ನು ತೋರಿಸುತ್ತದೆ. ಪ್ರಾಥಮಿಕ ಶಾಲಾ ಶಿಕ್ಷಕರು ಸಂಖ್ಯೆಯಲ್ಲಿ ಎಲ್ಲರಿಗಿಂತ ಹೆಚ್ಚು, ಆದರೆ ಶಿಕ್ಷಕರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪದವಿ ಇದ್ದವರು ಪದವೀಧರರ ಕ್ಷೇತ್ರದಲ್ಲಿ ಮತ ಹಾಕಬಹುದು, ಅಷ್ಟೆ. ಇತ್ತ 1966ರ ನಾಗರಿಕ ಸೇವಾ ನಡತೆ ನಿಯಮಗಳು ಸರ್ಕಾರಿ ನೌಕರರನ್ನು ಪಕ್ಷ ರಾಜಕೀಯದಿಂದ ದೂರವಿರಿಸಿದವು. ಊರಿನ ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಅಧಿಕಾರಿಯಾಗಿ ಕೂತು ಇತರರ ಮತಪೆಟ್ಟಿಗೆ ಕಾದ ಮೇಷ್ಟ್ರಿಗೆ ತಾವೇ ಅಭ್ಯರ್ಥಿಯಾಗಿ ನಿಲ್ಲಲು ಉಳಿದ ಕಣಗಳು ಮುಖ್ಯವಾಗಿ ಸಂಘ ಮತ್ತು ಶಿಕ್ಷಕರ ಪತ್ತಿನ ಸಹಕಾರ ಸಂಘ.

ಕಣ ಚಿಕ್ಕದಾದರೂ ಅದರ ಕೈಯಲ್ಲಿದ್ದ ವಿಷಯಗಳು ಚಿಕ್ಕವಲ್ಲ. ಸೇವಾ ಪುಸ್ತಕದಲ್ಲಿ ನಮೂದಾಗದೆ ಉಳಿದ ಇಂಕ್ರಿಮೆಂಟು, ಹತ್ತು ಮತ್ತು ಹದಿನೈದು ವರ್ಷದ ಸೇವೆಗೆ ದೊರೆಯಬೇಕಾದ ಕಾಲಮಿತಿ ವೇತನ ಬಡ್ತಿಯ ಕಡತ, ವೈದ್ಯಕೀಯ ವೆಚ್ಚದ ಬಿಲ್ಲು, ಅರಿಯರ್ಸು ಇವೆಲ್ಲ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯ ಮೇಜುಗಳ ಮೇಲೆ ನಿಲ್ಲುವಂಥವು. ಹಳ್ಳಿಯ ಏಕೋಪಾಧ್ಯಾಯ ಶಾಲೆಯಿಂದ ಆ ಮೇಜಿನವರೆಗೆ ಬರಲು ಒಂದು ದಿನದ ರಜೆ ಬೇಕು. ಅದೇ ಸಂಘದ ಕಾರ್ಯದರ್ಶಿ ಕಚೇರಿಗೆ ದಿನವೂ ಪರಿಚಿತರು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಕೆಲಸ ಆರಂಭಿಸಿ ಪ್ರಾಥಮಿಕ ಶಿಕ್ಷಣ ಅವುಗಳ ವ್ಯಾಪ್ತಿಗೆ ಬಂದ ಮೇಲೆ ವರ್ಗಾವಣೆಯ ಪಟ್ಟಿಗೂ ಚುನಾಯಿತ ಪ್ರತಿನಿಧಿಗಳಿಗೂ ನಂಟು ಬಿಗಿಯಾಯಿತು, ಅವರ ಬಳಿ ಮಾತಾಡಬಲ್ಲ ಸಂಘದ ಮುಖಂಡರ ಬೆಲೆಯೂ ಏರಿತು. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆಯು ಕೌನ್ಸೆಲಿಂಗ್ (ಜ್ಯೇಷ್ಠತೆ ಮತ್ತು ಆದ್ಯತೆಯ ಕ್ರಮದಲ್ಲಿ ಕರೆದು ಖಾಲಿ ಹುದ್ದೆಯನ್ನು ಬಹಿರಂಗವಾಗಿ ಆರಿಸಿಕೊಳ್ಳಲು ಬಿಡುವ ಪದ್ಧತಿ) ತಂದು ಈ ಶಿಫಾರಸಿನ ಬಲವನ್ನು ಬಹುಮಟ್ಟಿಗೆ ಕುಗ್ಗಿಸಿತು. ಅಭ್ಯರ್ಥಿಗಳ ಭರವಸೆಯ ಭಾಷೆ ಬದಲಾದದ್ದು ಅಲ್ಲಿಂದ ಮುಂದೆ. ವರ್ಗಾವಣೆಯ ಜಾಗಕ್ಕೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಅನ್ವಯವಾದ ಹೊಸ ಪಿಂಚಣಿ ಪದ್ಧತಿ ಮತ್ತು 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದವು. ಈ ನಿಯಮವು ಆರರಿಂದ ಎಂಟನೆಯ ತರಗತಿಗೆ ಪದವೀಧರ ಶಿಕ್ಷಕರ ಪ್ರತ್ಯೇಕ ವೃಂದವನ್ನು ಗುರುತಿಸಿ, ಮೊದಲಿನಿಂದ ಅದೇ ತರಗತಿಗಳಿಗೆ ಪಾಠ ಹೇಳುತ್ತಿದ್ದವರನ್ನು ಒಂದರಿಂದ ಐದರ ವೃಂದಕ್ಕೆ ಇಳಿಸಿತೆಂಬುದು ಸಂಘದ ಅಳಲು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಶಿಕ್ಷಕರು ಸೇರಿದ್ದು ಇದೇ ವಿಷಯಕ್ಕೆ.

ಪ್ರಚಾರದ ರೀತಿಯನ್ನು ಹತ್ತಿರದಿಂದ ನೋಡಿದರೆ ಈ ಚುನಾವಣೆಯ ವಿಶಿಷ್ಟತೆ ಹೊಳೆಯುತ್ತದೆ. ಅಭ್ಯರ್ಥಿಗಳು ಮೋಟಾರ್ ಸೈಕಲ್ಲುಗಳಲ್ಲಿ ಇಬ್ಬಿಬ್ಬರಾಗಿ ಶಾಲೆಗಳನ್ನು ಸುತ್ತುತ್ತಾರೆ. ಬಿಸಿಯೂಟದ ಬಿಡುವು ಅಥವಾ ಸಂಜೆಯ ಗಂಟೆ ಬಾರಿಸಿದ ನಂತರದ ಹೊತ್ತು ಇದಕ್ಕೆ ಮೀಸಲು. ಸ್ಟಾಫ್ ರೂಮಿನ ಮೇಜಿನ ಮೇಲೆ ಪ್ಯಾನೆಲ್‌ನ, ಅಂದರೆ ಒಂದೇ ಬಣವಾಗಿ ನಿಂತವರ, ಹೆಸರು, ಭಾವಚಿತ್ರ ಮತ್ತು ಕ್ರಮಸಂಖ್ಯೆಯ ಕಾರ್ಡು ಇಡಲಾಗುತ್ತದೆ, ಒಂದು ಮತವೂ ಬಣದಿಂದ ಹೊರಗೆ ಚೆಲ್ಲದಂತೆ ಕೈಮುಗಿದು ಕೋರಲಾಗುತ್ತದೆ. ಅಭ್ಯರ್ಥಿಯ ಎದುರು ಕೂತವರು ಹಲವೊಮ್ಮೆ ಅವರ ಟಿಸಿಎಚ್, ಅಂದರೆ ಶಿಕ್ಷಕ ತರಬೇತಿಯ, ಸಹಪಾಠಿಗಳು, ಬಂಧುಗಳು ಅಥವಾ ಹಿಂದಿನ ಮುಖ್ಯೋಪಾಧ್ಯಾಯರು. ಆದ್ದರಿಂದ ಇಲ್ಲಿ ಇಲ್ಲವೆನ್ನುವವರು ಯಾರೂ ಇಲ್ಲ, ಎಲ್ಲ ಬಣಗಳಿಗೂ ಚಹಾ ಮತ್ತು ಹೂಂ ಎಂಬ ಉತ್ತರ ಸಿಗುತ್ತದೆ. ಜಾತಿಯ ಲೆಕ್ಕವೂ ಹೋಬಳಿಯ ಲೆಕ್ಕವೂ ಇದರೊಳಗೆ ಸದ್ದಿಲ್ಲದೆ ನಡೆಯುತ್ತವೆ. ಮಕ್ಕಳಿಗೆ ಪ್ರಜಾಪ್ರಭುತ್ವದ ಪಾಠ ಹೇಳುವವರ ನಡುವೆಯೂ ಇದು ನಡೆಯುವುದನ್ನು ಕಂಡು ಅಚ್ಚರಿಪಡುವ ಅಗತ್ಯವಿಲ್ಲ. ಅವರೂ ಅದೇ ತಾಲ್ಲೂಕಿನವರು.

ಮಹಿಳೆಯರ ಪಾಲು ಮಾತ್ರ ಇನ್ನೂ ಇತ್ಯರ್ಥವಾಗದ ಅಧ್ಯಾಯ. ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಂಘ ಹುಟ್ಟಿದ್ದು ಮೈಸೂರಿನ ವಿದ್ಯಾ ಇಲಾಖೆ ಹುಟ್ಟಿದ 1857ರಲ್ಲಿಯೇ. ಅದಕ್ಕೆ ಎಲ್ಲಾ ಫ್ಲ್ಯಾಗ್ ಯಂಗ್ ಎಂಬ ಮೊದಲ ಅಧ್ಯಕ್ಷೆ ದೊರೆಯಲು 1910ರವರೆಗೆ ಕಾಯಬೇಕಾಯಿತು. ಇಲ್ಲಿನ ತಾಲ್ಲೂಕು ಘಟಕಗಳಲ್ಲಿ ಮಹಿಳಾ ನಿರ್ದೇಶಕಿಯರೂ ಉಪಾಧ್ಯಕ್ಷೆಯರೂ ಇದ್ದಾರೆ, ಆದರೆ ಅಧ್ಯಕ್ಷ ಮತ್ತು ಪ್ರಧಾನ ಕಾರ್ಯದರ್ಶಿಯ ಕುರ್ಚಿಗಳು ಸಾಮಾನ್ಯವಾಗಿ ಪುರುಷರವೇ. ಸಂಜೆ ಐದರ ನಂತರ ಕಚೇರಿ, ಸಭೆ, ಪ್ರಯಾಣ ಎಂದು ಅಲೆಯಬಲ್ಲವರೇ ಮುಖಂಡರಾಗಬಲ್ಲರೆಂಬ ರೂಢಿಯು ಬೈಲಾದ ಯಾವ ನಿಯಮಕ್ಕಿಂತಲೂ ಗಟ್ಟಿಯಾಗಿದೆ. ರಾಜ್ಯದಲ್ಲಿ ಸಾವಿತ್ರಿಬಾಯಿ ಫುಲೆ ಹೆಸರಿನಲ್ಲಿ ಶಿಕ್ಷಕಿಯರದೇ ಪ್ರತ್ಯೇಕ ಸಂಘ ಹುಟ್ಟಿಕೊಂಡದ್ದನ್ನು ಈ ಕೊರತೆಯ ಜೊತೆಗೇ ಓದಬೇಕು.

1997ರಲ್ಲಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆಯನ್ನು ರಚಿಸಿದಾಗ ಶಿವಮೊಗ್ಗದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದ ಜಗಳೂರೂ ಒಂದೇ ಉಪನಿರ್ದೇಶಕರ ಕಚೇರಿಯ ಕೆಳಗೆ ಬಂದವು, ಸಂಘದ ಜಿಲ್ಲಾ ಘಟಕವೂ ಹೊಸ ನಕ್ಷೆಗೆ ಹೊಂದಿಕೊಂಡಿತು. ವಿಧಾನ ಪರಿಷತ್ತಿನ ನಕ್ಷೆ ಮಾತ್ರ ಹಳೆಯ ಜಿಲ್ಲೆಯ ಗುರುತನ್ನು ಬಿಡಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಮಂಗಳೂರು, ಉಡುಪಿ, ಕೊಡಗುಗಳೊಂದಿಗೆ ನೈಋತ್ಯ ಶಿಕ್ಷಕರ ಕ್ಷೇತ್ರದಲ್ಲಿ ಉಳಿದವು. ಜಗಳೂರು ತುಮಕೂರು, ಕೋಲಾರಗಳೊಂದಿಗೆ ಆಗ್ನೇಯ ಕ್ಷೇತ್ರಕ್ಕೆ ಸೇರಿದೆ. 2024ರ ಜೂನ್ 3ರಂದು ಒಂದೇ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರು ಎರಡು ಬೇರೆ ಕಣಗಳಿಗೆ ಮತ ಹಾಕಿ, ನೈಋತ್ಯದಲ್ಲಿ ಎಸ್.ಎಲ್. ಭೋಜೇಗೌಡರೂ ಆಗ್ನೇಯದಲ್ಲಿ ಡಿ.ಟಿ. ಶ್ರೀನಿವಾಸರೂ ಗೆದ್ದರು. ನಲ್ಲೂರಿನ ಪ್ರೌಢಶಾಲಾ ಶಿಕ್ಷಕರ ಮತ ಹೀಗೆ ಮೈಸೂರಿನ ಎಣಿಕೆ ಕೇಂದ್ರದವರೆಗೆ ಪಯಣಿಸಿ ದಿನಗಟ್ಟಲೆ ಕಾಯುತ್ತದೆ. ಅದೇ ಊರಿನ ಪ್ರಾಥಮಿಕ ಶಾಲಾ ಶಿಕ್ಷಕರು ಸಂಘಕ್ಕೆ ಹಾಕಿದ ಮತ ಚನ್ನಗಿರಿಯನ್ನು ದಾಟುವುದಿಲ್ಲ. ಸಂಜೆ ಪೆಟ್ಟಿಗೆ ತೆರೆದು ಎಣಿಸಿದರೆ ರಾತ್ರಿಯ ಊಟದ ಹೊತ್ತಿಗೆ ಯಾರು ಗೆದ್ದರೆಂಬುದು ಎಲ್ಲ ಹೋಬಳಿಗಳಿಗೂ ಗೊತ್ತಾಗಿರುತ್ತದೆ.